ಮೊದಲ ಅರ್ಧ ಗಂಟೆ ಟೀಚರದ್ದು

ಅಮೆರಿಕದ ಬಾಥೆಲ್ ಊರಿನ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾಗ ಛಾವಣಿಯ ಸ್ಪೀಕರಿನಿಂದ ಒಂದು ಹಾಡು ಬಂತು. ಮೈಸೂರಿನಲ್ಲಿ ಓದುವಾಗ ಹಾಸ್ಟೆಲ್ಲಿನ ಟೇಪ್ ರೆಕಾರ್ಡರಿನಲ್ಲಿ ಹಾಕಿ, ಬಾಗಿಲಿಗೆ ಅಗುಳಿ ಜಡಿದು, ವಾರ್ಡನ್ ಬಂದು ಗುದ್ದುವ ತನಕ ನಾವು ಕುಣಿಯುತ್ತಿದ್ದ ಇಂಗ್ಲಿಷ್ ಹಾಡು. ಆಗ ಅದನ್ನು ಕೇಳುವುದೇ ಕೆಟ್ಟ ಹುಡುಗಿಯ ಲಕ್ಷಣವಾಗಿತ್ತು. ಈಗ ಅದು ಮುಗಿದ ಕೂಡಲೇ ಮಂಡಿನೋವಿನ ಮುಲಾಮಿನ ಜಾಹೀರಾತು ಬಂತು. ಡಾಕ್ಟರ ಸಹಾಯಕಿ ನನ್ನ ಭುಜ ತಟ್ಟಿ, ಪೇಷಂಟುಗಳ ಎದೆಬಡಿತ ಇಳಿಸುವುದಕ್ಕೆ ಈ ಸ್ಟೇಷನ್ ತುಂಬ ಒಳ್ಳೆಯದು ಎಂದಳು. ನನಗೆ ಹೇಳಲಾರದಷ್ಟು ನಾಚಿಕೆಯಾಯಿತು. ಬಾಯಿಯಲ್ಲಿ ಹತ್ತಿ ಇದ್ದುದರಿಂದ ಹೇಳುವ ಪ್ರಶ್ನೆಯೂ ಇರಲಿಲ್ಲ.

ಈ ದೇಶದ ರೇಡಿಯೋದವರು ಮನುಷ್ಯರನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ಇಟ್ಟಿದ್ದಾರೆ. ಹದಿಹರೆಯದವರಿಗೆ ಒಂದು ಸ್ಟೇಷನ್, ಮುದುಕರಿಗೆ ಒಂದು, ನಡುವೆ ಸಂಬಳ ತಂದು ಸಾಲ ಕಟ್ಟುವ ನಮ್ಮಂಥವರಿಗೆ 'ಅಡಲ್ಟ್ ಕಂಟೆಂಪರರಿ' ಎಂಬ ಇನ್ನೊಂದು. ಅದರಲ್ಲೂ ಮೆದು, ಬಿಸಿ ಎಂದು ಒಳಪಂಗಡಗಳಿವೆ, ನಮ್ಮ ಜಾತಿಗಳ ಹಾಗೆ. ಮೆದು ಎಂದರೆ ಆಫೀಸಿನಲ್ಲಿ ಯಾರಿಗೂ ತೊಂದರೆ ಕೊಡದ ಹಾಡುಗಳು. ಬಿಸಿ ಎಂದರೆ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವ ಅಮ್ಮಂದಿರು ತಾವಿನ್ನೂ ಮುದುಕಿಯರಾಗಿಲ್ಲ ಎಂದುಕೊಳ್ಳುವುದಕ್ಕೆ ಬೇಕಾದ ಹಾಡುಗಳು. ನಾನು ಬಿಸಿ ಪಂಗಡದವಳು ಎಂದು ನಂಬಿಕೊಂಡಿದ್ದೆ. ನನ್ನನ್ನು ಕೇಳದೆಯೇ ನನ್ನ ಹಾಡನ್ನು ಮೆದುವಿಗೆ ದಾಟಿಸಿದ್ದರು.

ಇದೆಲ್ಲ ನನಗೆ ಗೊತ್ತಾದದ್ದು ಬಾಥೆಲ್‌ನ ಒಂದು ಸಣ್ಣ ಸಮುದಾಯ ರೇಡಿಯೋದಿಂದ. ಆಫೀಸ್ ಪಾರ್ಕೊಂದರ ಹಿಂಬದಿಯಲ್ಲಿ, ಲ್ಯಾಬ್ ಸಾಮಾನಿನ ಗೋದಾಮಿಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಅದು ನಡೆಯುತ್ತದೆ. ಅದರ ಅಲೆ ಹತ್ತಿರದ ಸಮಾಮಿಶ್ ಊರಿನ ದಿಬ್ಬ ಹತ್ತುವುದೂ ಇಲ್ಲ, ಅಲ್ಲಿನವರು ಫೋನಿನಲ್ಲೇ ಕೇಳಬೇಕು. ನಮ್ಮ ಕನ್ನಡ ಬಳಗಕ್ಕೆ ಅಲ್ಲಿ ಶನಿವಾರ ಬೆಳಿಗ್ಗೆ ಒಂದು ಗಂಟೆ ಸಿಕ್ಕಿತ್ತು. ವಾರವೆಲ್ಲ ಪಕ್ಕದ ಬಯೋಟೆಕ್ ಕಂಪನಿಯಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ನಾನು, ಶನಿವಾರ ಮೈಕಿನ ಮುಂದೆ ಕೂತು ದೊಡ್ಡ ಮನುಷ್ಯಳಾಗುತ್ತಿದ್ದೆ. ಆ ಗಂಟೆಯ ಮೊದಲರ್ಧ ಟೀಚರದ್ದು, ಎರಡನೆಯ ಅರ್ಧ ನನ್ನದು.

ಟೀಚರ್ ಎಂದರೆ ಕಾರ್ಕಳದ ಕಡೆಯ ಕ್ರಿಶ್ಚಿಯನ್ ಹೆಂಗಸು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿ, ಗಂಡ ತೀರಿಕೊಂಡ ಮೇಲೆ ಸಮಾಮಿಶ್‌ನಲ್ಲಿ ಮಗ ಸೊಸೆಯ ಜೊತೆ ಇದ್ದರು. ಹತ್ತಿ ಸೀರೆಗೆ ಬಿಳಿ ಸ್ಪೋರ್ಟ್ಸ್ ಶೂ, ಮೇಲೆ ಮಗನ ಹಳೆಯ ಮಳೆ ಜಾಕೆಟ್. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಸಮಾಮಿಶ್‌ನಲ್ಲಿ ಕಾರು ಬಿಡಲು ಬಾರದವರು ದ್ವೀಪದಲ್ಲಿ ಇದ್ದ ಹಾಗೆಯೇ. ಆದ್ದರಿಂದ ಶನಿವಾರ ನಾನೇ ಹೋಗಿ ಕರೆದುಕೊಂಡು ಬರುತ್ತಿದ್ದೆ, ಮತ್ತೆ ಬಿಟ್ಟು ಬರುತ್ತಿದ್ದೆ.

ಅವರ ಅರ್ಧ ಗಂಟೆ ಎಂದರೆ ನನಗೆ ಮುಳ್ಳಿನ ಮೇಲೆ ಕೂತಂತೆ. ಹಾಡಿಗಿಂತ ಮಾತು ಹೆಚ್ಚು. "ಎಲ್ಲರಿಗೂ ನಮಸ್ಕಾರ, ಇವತ್ತು ಬಿಸಿಲುಂಟು, ಹಪ್ಪಳ ಒಣಗಿಸ್ಲಿಕ್ಕೆ ಹಾಕುವವರು ಹಾಕಿ" ಎಂದು ಶುರು. ಅದಾದ ಮೇಲೆ ಕೋರಿಕೆಗಳು. ಚರ್ಚಿನ ಅಂಗಳದಲ್ಲಿ, ದೇವಸ್ಥಾನದ ಊಟದ ಸಾಲಿನಲ್ಲಿ, ಇಂಡಿಯನ್ ಅಂಗಡಿಯ ಕರಿಬೇವಿನ ಬುಟ್ಟಿಯ ಹತ್ತಿರ ಯಾರು ಸಿಕ್ಕರೂ ಟೀಚರ್ ಕೇಳಿಬಿಡುತ್ತಿದ್ದರು, ನಿಮಗೆ ಯಾವ ಹಾಡು ಬೇಕು, ಯಾರಿಗಾಗಿ? ಆಮೇಲೆ ಅದನ್ನೆಲ್ಲ ಒಂದನ್ನೂ ಬಿಡದೆ ಓದುತ್ತಿದ್ದರು. ಕ್ರಾಸ್‌ರೋಡ್ಸ್ ಬಡಾವಣೆಯ ಅಪಾರ್ಟ್‌ಮೆಂಟಿನ ಬಾಣಂತಿಗಾಗಿ ಅವಳ ಗಂಡ ಕೇಳಿದ ಹಾಡು. ಮಗಳ ಮನೆಗೆ ಬಂದು ಊರು ನೆನೆದು ಅಳುತ್ತಿರುವ ಒಬ್ಬ ಅಜ್ಜನಿಗಾಗಿ ಮೊಮ್ಮಕ್ಕಳು ಕೇಳಿದ ಹಾಡು. ಒಮ್ಮೆಯಂತೂ, "ಇದು ಕೆಲಸ ಹೋದ ಒಬ್ಬ ಹುಡುಗನಿಗೆ. ಹೆಸರು ಹೇಳ್ಬೇಡಿ ಅಂದಿದ್ದಾನೆ, ಹೇಳುದಿಲ್ಲ. ಆದ್ರೆ ಊಟ ಬಿಡ್ಬೇಡ ಮಾರಾಯ" ಎಂದುಬಿಟ್ಟರು. ನಾನು ಹೆಡ್‌ಫೋನ್ ಸರಿಮಾಡುವ ನೆಪದಲ್ಲಿ ಮುಖ ಮುಚ್ಚಿಕೊಂಡೆ.

ಏಕೆಂದರೆ ಸೋಮವಾರ ಆಫೀಸಿನಲ್ಲಿ ಬೆಂಗಳೂರಿನ ಗೆಳತಿಯರು ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ಏನೇ, ನಿಮ್ ರೇಡಿಯೋದಲ್ಲಿ ಬಾಣಂತಿಗೆ ಸಾಂಗ್ ಹಾಕಿದ್ರಂತೆ, ಕಷಾಯ ಯಾವಾಗ ಹಾಕ್ತೀರಾ?" ನಾನೂ ನಗುತ್ತಿದ್ದೆ. "ಅಯ್ಯೋ ಅದು ಟೀಚರ್ ಸೆಗ್ಮೆಂಟ್ ಕಣ್ರೇ, ನಂದು ಆಮೇಲೆ ಬರತ್ತೆ" ಎನ್ನುತ್ತಿದ್ದೆ. ನನ್ನದು ಇಲ್ಲಿನ ಅಡಲ್ಟ್ ಕಂಟೆಂಪರರಿಯವರ ಪಡಿಯಚ್ಚು. ಧ್ವನಿ ತಗ್ಗಿಸಿ, ಉಸಿರು ಬೆರೆಸಿ ಎರಡು ಮಾತು, ಆಮೇಲೆ ಹಾಡಿನ ಹಿಂದೆ ಹಾಡು. ಯಾರಿಗೆ, ಯಾರಿಂದ ಎಂಬ ಗೋಜಿಲ್ಲ. ನನ್ನ ಅರ್ಧ ಗಂಟೆಯನ್ನು ಯಾವ ಹಲ್ಲಿನ ಡಾಕ್ಟರಾದರೂ ಧೈರ್ಯವಾಗಿ ಹಾಕಿಕೊಳ್ಳಬಹುದಿತ್ತು.

ಕಾರಿನಲ್ಲಿ ನಾವು ಆ ಮೆದು ಸ್ಟೇಷನ್ನನ್ನೇ ಕೇಳುತ್ತಿದ್ದೆವು. ಒಂದು ಶನಿವಾರ ಟೀಚರ್, "ಇದು ಯಾರ ರೇಡಿಯೋ?" ಎಂದು ಕೇಳಿದರು.

"ಅಡಲ್ಟ್ಸ್‌ಗೆ ಅಂತ ಮಾಡಿರೋದು ಟೀಚರ್."

"ಹಾಗಾದ್ರೆ ನಂದೇ. ನಾನು ನಿಮಗಿಂತ ಜಾಸ್ತಿ ಅಡಲ್ಟ್ ಅಲ್ವಾ?"

ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತು ಹೊರಗೆ ನೋಡಿ ಅವರೇ ಹೇಳಿದರು. "ವಾರದಲ್ಲಿ ಇದೊಂದು ಅರ್ಧ ಗಂಟೆ ನಂದು ನೋಡಿ. ಉಳಿದದ್ದೆಲ್ಲ ಸೊಸೆಯ ಫೋನಿನ ಕ್ಯಾಲೆಂಡರ್‌ನಲ್ಲಿ ಉಂಟು. ಮಗುವಿನ ಸ್ವಿಮ್ಮಿಂಗ್, ಮಗುವಿನ ಪಿಯಾನೋ, ಅಜ್ಜಿಯ ಬಿ.ಪಿ. ಪಾಪ, ಒಳ್ಳೆ ಹುಡುಗಿ. ಆದ್ರೆ ನನ್ನ ಹತ್ರ ಯಾರೂ ಏನೂ ಕೇಳುದಿಲ್ಲ. ಇಲ್ಲಿ ಬಂದ್ರೆ ಹಾಡು ಕೇಳ್ತಾರೆ." ನಾನು ಹ್ಞೂಂ ಎಂದೆ. ಅದು ನನಗೆ ಚೆನ್ನಾಗಿ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ಇನ್ನೊಂದು ಸಂಗತಿ ನಾನು ಬಲ್ಲೆ, ಬಳಗದಲ್ಲಿ ಬೇರೆ ಯಾರೂ ಗಮನಿಸಿರಲಿಲ್ಲ. ಶುರುವಿನಲ್ಲಿ ಟೀಚರ್ ಹಾಕುತ್ತಿದ್ದದ್ದು ಅವರ ಯೌವನದ ಕಪ್ಪುಬಿಳುಪು ಕಾಲದ ಸಿನಿಮಾ ಹಾಡುಗಳು, ನಾನು ಹಾಕುತ್ತಿದ್ದದ್ದು 'ಹೊಸ' ಹಾಡುಗಳು. ಬರಬರುತ್ತ ಈ ಗೆರೆ ಅಳಿಸಿಹೋಯಿತು. ಕೋರಿಕೆ ಕೇಳುವವರಲ್ಲಿ ಹುಡುಗರೂ ಇದ್ದುದರಿಂದ ಟೀಚರ ಸರದಿಯಲ್ಲಿ ಹೋದ ತಿಂಗಳು ಬಂದ ಹಾಡುಗಳೂ ಬರತೊಡಗಿದವು. ಅವರಿಗೆ ಅದರಲ್ಲಿ ಮುಜುಗರವೇನೂ ಇರಲಿಲ್ಲ. "ಇದರಲ್ಲಿ ಡ್ರಮ್ ಜಾಸ್ತಿ ಉಂಟು, ತಲೆನೋವಿದ್ದವರು ಸಣ್ಣ ಮಾಡಿ" ಎಂದು ಹೇಳಿ ಹಾಕುತ್ತಿದ್ದರು. ನಾನು ಮಾತ್ರ ನನ್ನ ಕಾಲೇಜಿನ ವರ್ಷಗಳಲ್ಲೇ ಗೂಟ ಹೊಡೆದುಕೊಂಡು ಕೂತಿದ್ದೆ. ಒಂದು ದಿನ ಹೈಸ್ಕೂಲಿಗೆ ಹೋಗುವ ನನ್ನ ಮಗಳು ಅಡುಗೆಮನೆಯಲ್ಲಿ ಕಾರ್ಯಕ್ರಮದ ರೆಕಾರ್ಡಿಂಗ್ ಕೇಳುತ್ತ, "ಅಮ್ಮಾ, ಹರ್ ಸಾಂಗ್ಸ್ ಆರ್ ನ್ಯೂಯರ್ ದ್ಯಾನ್ ಯುವರ್ಸ್" ಎಂದಳು. ನಾನು ಅವಳಿಗೆ ಪಾತ್ರೆ ಒರೆಸಲು ಹೇಳಿದೆ.

ಹೀಗಿರುವಾಗ ರೇಡಿಯೋಕ್ಕೆ ಹೊಸ ಮ್ಯಾನೇಜರ್ ಬಂದಳು. ಚೂಪು ಮೂಗಿನ, ಉಣ್ಣೆ ಟೋಪಿಯ, ಎಲ್ಲರಿಗೂ ಕೇಕು ಮಾಡಿ ತರುವ ಅಮೆರಿಕನ್ ಹುಡುಗಿ. ಎಲ್ಲ ಭಾಷೆಯವರಿಗೂ ಒಂದೇ ಮಾತು ಹೇಳಿದಳು. ಒಂದು ಗಂಟೆಗೆ ಒಂದೇ ಚಹರೆ ಇರಲಿ, ಅರ್ಧಕ್ಕೆ ನಿಂತು ಬೇರೆಯದೇ ಕಾರ್ಯಕ್ರಮ ಶುರುವಾದ ಹಾಗೆ ಕೇಳಿಸಬಾರದು. ನಿಮ್ಮದು ಯಾವ ಬಗೆಯೋ ತೀರ್ಮಾನಿಸಿ ಹೇಳಿ ಎಂದಳು. ನಾನು ತಡಮಾಡದೆ ಅಡಲ್ಟ್ ಕಂಟೆಂಪರರಿ ಎಂದೆ. ಹಾಗಾದರೆ ಎಷ್ಟು ಹಳೆಯ ಹಾಡಿನವರೆಗೆ ಹಾಕಬಹುದು ಎಂದೂ ಕೇಳಿದೆ. ಅವಳು ನಕ್ಕಳು. ಆ ಗೆರೆಗಳೆಲ್ಲ ಈಗ ಎಲ್ಲಿವೆ, ಮೆದು ಸ್ಟೇಷನ್ನಿನವರು ಹೋದ ವರ್ಷದ ಹಾಡು ಹಾಕುತ್ತಾರೆ, ಬಿಸಿ ಸ್ಟೇಷನ್ನಿನವರು ನನ್ನಮ್ಮನ ಕಾಲದ್ದು ಹಾಕುತ್ತಾರೆ, ಯಾರಿಗೂ ಗೊತ್ತಿಲ್ಲ, ನಿಮ್ಮ ಕಿವಿ ಹೇಳಿದ ಹಾಗೆ ಮಾಡಿ ಎಂದಳು. ಯಾರನ್ನೂ ತೆಗೆಯಿರಿ ಎಂದು ಅವಳು ಹೇಳಲಿಲ್ಲ. ನಾನೂ ಟೀಚರೂ ಸೇರಿ ಇಡೀ ಗಂಟೆ ಒಟ್ಟಿಗೆ ಮಾತಾಡಿದರೂ ಅವಳಿಗೆ ಸಾಕಿತ್ತು. ಬಳಗದ ಸಭೆಯಲ್ಲಿ ನಾನು ಈ ಕೊನೆಯ ಭಾಗವನ್ನು ಹೇಳಲಿಲ್ಲ.

ಸಭೆ ನಡೆದದ್ದು ಕ್ರಾಸ್‌ರೋಡ್ಸ್‌ನ ಮಾಲಿನಲ್ಲಿ, ತಿಂಡಿ ಅಂಗಡಿಗಳ ನಡುವಿನ ಮೇಜಿನಲ್ಲಿ. ಬಳಗದ ಅಧ್ಯಕ್ಷರು, ಕಾರ್ಯದರ್ಶಿ, ನಾನು. ಅಧ್ಯಕ್ಷರು ಬೆಂಗಳೂರಿನವರು, ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್, ಆಫೀಸಿನಲ್ಲಿ ಎಷ್ಟೋ ಜನರನ್ನು ಕೆಲಸದಿಂದ ತೆಗೆದವರು. ನಮ್ಮ ರೇಡಿಯೋ ಕಂಟೆಂಪರರಿ ಆಗಬೇಕು ಎನ್ನುವುದಕ್ಕೆ ಮೂವರೂ ಒಪ್ಪಿದೆವು. ಕಂಟೆಂಪರರಿ ಎಂದರೆ ಯಾವಾಗಿನಿಂದ ಎಂಬ ಚರ್ಚೆಯೂ ಆಯಿತು. ಅಧ್ಯಕ್ಷರು ಒಂದು ವರ್ಷ ಹೇಳಿದರು, ಕಾರ್ಯದರ್ಶಿ ಒಂದು ವರ್ಷ ಹೇಳಿದಳು, ನಾನೊಂದು ಹೇಳಿದೆ. ಆಮೇಲೆ ಯೋಚಿಸಿದರೆ ಮೂವರೂ ತಾವು ಕಾಲೇಜಿಗೆ ಸೇರಿದ ವರ್ಷವನ್ನೇ ಹೇಳಿದ್ದೆವು. ಗೆರೆ ಎಲ್ಲಿ ಎಳೆದರೂ ನಾವು ಅದರ ಈಚೆಗೆ ಇರಬೇಕು, ಅಷ್ಟೇ.

ಹಾಗಾದರೆ ಇನ್ನು ಬರಬೇಡಿ ಎಂದು ಟೀಚರಿಗೆ ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವ ಮಾತು ಬಂದ ಕೂಡಲೇ ಮೂವರೂ ಪ್ಲೇಟು ನೋಡತೊಡಗಿದೆವು.

"ನೀವೇ ಹೇಳ್ಬಿಡಿ, ನೀವು ಕ್ಲೋಸ್ ಅಲ್ವಾ" ಎಂದಳು ಕಾರ್ಯದರ್ಶಿ.

"ಕ್ಲೋಸ್ ಅಂತಾನೇ ಹೇಳಕ್ಕಾಗಲ್ಲ" ಎಂದೆ.

ಅಧ್ಯಕ್ಷರು ಸ್ವಲ್ಪ ಯೋಚಿಸಿ, "ಒಂದ್ ಕೆಲಸ ಮಾಡೋಣ. ನವೆಂಬರ್ ಪ್ರೋಗ್ರಾಮ್‌ನಲ್ಲಿ ಅವ್ರಿಗೊಂದು ಸನ್ಮಾನ ಇಟ್ಬಿಡೋಣ. ಗ್ರಾಂಡಾಗಿ ಮಾಡೋಣ. ಅವ್ರಿಗೇ ಅರ್ಥ ಆಗತ್ತೆ" ಎಂದರು.

ನಮಗೆಲ್ಲ ಹೋದ ಜೀವ ಬಂದಂತಾಯಿತು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರ್ಚಿ ಬಿಡಿ ಎಂದು ನಾವು ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಹಣ್ಣಿನ ಬುಟ್ಟಿ ಕೊಡುತ್ತೇವೆ, ತಲೆಗೆ ಪೇಟ ಇಡುತ್ತೇವೆ, ಅವರು ಸೇವೆ 'ಸಲ್ಲಿಸಿದರು' ಎಂದು ಓದುತ್ತೇವೆ. ತಿಳಿದವರು ತಿಳಿದುಕೊಂಡು ಇಳಿಯುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಅಧ್ಯಕ್ಷರು ಗಾದೆಯನ್ನೂ ಹೇಳಿದರು. ಟೀಚರನ್ನು ಹಾವು ಮಾಡಿದಿರಲ್ಲ ಎಂದು ನಾನು ಹೇಳಬೇಕಿತ್ತು. ಹೇಳದೆ, ಅಭಿನಂದನಾ ಪತ್ರ ನಾನೇ ಬರೆಯುತ್ತೇನೆ ಎಂದೆ.

ಬರೆದೆ ಕೂಡ. ಒಂದೊಂದು ಕ್ರಿಯಾಪದವನ್ನೂ ಭೂತಕಾಲಕ್ಕೆ ತಿರುಗಿಸಿ ಬರೆದೆ. ನಡೆಸಿಕೊಟ್ಟರು, ಮನ ಗೆದ್ದರು, ದಾರಿದೀಪವಾಗಿದ್ದರು. ಬದುಕಿರುವವರ ಬಗ್ಗೆ ಅಷ್ಟು ಚೆನ್ನಾಗಿ ನಾನು ಎಂದೂ ಬರೆದಿರಲಿಲ್ಲ.

ಬಾಡಿಗೆಗೆ ತೆಗೆದುಕೊಂಡ ಶಾಲೆಯ ಸಭಾಂಗಣದಲ್ಲಿ ಸನ್ಮಾನ ನಡೆಯಿತು. ಮಕ್ಕಳ ನೃತ್ಯ ಮುಗಿದು ಊಟಕ್ಕೆ ಮೊದಲು. ಟೀಚರ್ ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಮೈಸೂರು ಪೇಟ ದೊಡ್ಡದಾಗಿ ಅವರ ಕಿವಿಯವರೆಗೆ ಇಳಿಯಿತು. ಅವರು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಫೋಟೋಗೆ ನಿಂತರು. ಮಗ ಸೊಸೆ ಮೊಮ್ಮಗಳು ಮೂವರೂ ಎದ್ದು ನಿಂತು ವಿಡಿಯೋ ಮಾಡುತ್ತಿದ್ದರು. ನಾನು ಅವರ ಪಕ್ಕದಲ್ಲಿ ನಿಂತು ಅಭಿನಂದನಾ ಪತ್ರ ಓದಿದೆ. ಅಡಲ್ಟ್ ಕಂಟೆಂಪರರಿಯ ಅದೇ ತಗ್ಗಿದ ಧ್ವನಿ, ಅದೇ ಬೆರೆಸಿದ ಉಸಿರು. ಟೀಚರ್ ಪೂರ್ತಿ ತಲೆ ಬಗ್ಗಿಸಿಕೊಂಡು ಕೇಳಿದರು. ಅವರಿಗೆ ಅರ್ಥವಾಯಿತು ಎಂದೇ ನಾನಂದುಕೊಂಡೆ. ಆ ಕ್ಷಣ ಅಯ್ಯೋ ಎನಿಸಿತು, ಸದ್ಯ ಎಂದೂ ಎನಿಸಿತು.

ಆಮೇಲೆ ಅವರು ಮೈಕ್ ತೆಗೆದುಕೊಂಡರು. "ನನಗೆ ಮಾತಾಡ್ಲಿಕ್ಕೆ ಆಗುದಿಲ್ಲ ಇವತ್ತು" ಎಂದು ಕಣ್ಣೊರೆಸಿಕೊಂಡರು. "ಒಂದು ಸತ್ಯ ಹೇಳ್ತೇನೆ. ಈ ವರ್ಷಕ್ಕೆ ಸಾಕು ಮಾಡುವ ಅಂತ ನಾನೇ ಎಣಿಸಿದ್ದೆ. ಗಂಟಲು ಒಣಗ್ತದೆ. ಇವರಿಗೂ ಪ್ರತಿ ವಾರ ನನ್ನನ್ನು ಕರ್ಕೊಂಡು ಹೋಗುದು ಕಷ್ಟ. ಜನ ಕೇಳ್ತಾರೋ ಇಲ್ವೋ ಅಂತ ಅನುಮಾನ ಬೇರೆ. ಇವತ್ತು ನಿಮ್ಮ ಪ್ರೀತಿ ನೋಡಿದ ಮೇಲೆ ನಿಲ್ಲಿಸುದು ಹೇಗೆ? ಇಲ್ಲ, ನಿಲ್ಲಿಸುದಿಲ್ಲ. ಗಂಟಲು ಇರುವ ತನಕ ಬರ್ತೇನೆ. ನಿಮಗೆಲ್ಲ ಯಾವ ಹಾಡು ಬೇಕು, ಊಟದ ಹೊತ್ತಿಗೆ ಬಂದು ನನ್ನ ಹತ್ರ ಹೇಳಿ."

ಸಭಾಂಗಣವೆಲ್ಲ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಎದ್ದು ನಿಂತು ತಟ್ಟಿದರು, ಕಾರ್ಯದರ್ಶಿ ತಟ್ಟಿದಳು. ನಾನು ಪತ್ರವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಟ್ಟಿದೆ. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ಅವತ್ತು ಗೊತ್ತಾಯಿತು. ನಾವು ಏನೂ ಮಾಡದೆ ಸುಮ್ಮನಿದ್ದಿದ್ದರೆ ಅವರೇ ನಗುನಗುತ್ತಾ ಬಿಡುತ್ತಿದ್ದರು. ಊಟದ ಹೊತ್ತಿನಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡ ಜನ ಅವರ ಸುತ್ತ ನೆರೆದು ತಮಗೆ ಬೇಕಾದ ಹಾಡು ಬರೆಸುತ್ತಿದ್ದರು. ಅಧ್ಯಕ್ಷರು ನನ್ನ ಬಳಿ ಬಂದು, "ಡೋಂಟ್ ವರಿ, ನಾನು ಸ್ಟೇಷನ್‌ಗೆ ಮೇಲ್ ಹಾಕ್ಬಿಟ್ಟಿದೀನಿ. ನೀವು ಕಾರಲ್ಲಿ ನಿಧಾನಕ್ಕೆ ಹೇಳಿ" ಎಂದು ಉಪ್ಪಿನಕಾಯಿ ಹುಡುಕಿಕೊಂಡು ಹೋದರು.

ಶನಿವಾರ ಬಂತು. ಫೋನ್ ಮಾಡಿ ಹೇಳಬೇಕೆಂದು ವಾರವೆಲ್ಲ ಅಂದುಕೊಂಡೆ. ಶುಕ್ರವಾರ ಅವರೇ ಫೋನ್ ಮಾಡಿ, "ಸ್ವಲ್ಪ ಬೇಗ ಬರ್ತೀರಾ? ಕೋರಿಕೆ ತುಂಬ ಉಂಟು" ಎಂದರು. ಬರ್ತೀನಿ ಟೀಚರ್ ಎಂದೆ. ಸಮಾಮಿಶ್‌ನ ಇಳಿಜಾರಿನಲ್ಲಿ ಹೇಳೋಣ ಎಂದುಕೊಂಡೆ, ಆಗಲಿಲ್ಲ. ಹೈವೇ ಸಿಕ್ಕ ಮೇಲೆ ಎಂದುಕೊಂಡೆ. ಟೀಚರ್ ಸನ್ಮಾನದ ಫೋಟೋ ನೋಡಿ ಕಾರ್ಕಳದ ತಂಗಿ ಏನು ಹೇಳಿದಳು ಎಂದು ಹೇಳುತ್ತಿದ್ದರು. ಆ ಮಾತು ಮುಗಿಯಲಿ ಎಂದು ಕಾದೆ. ಮುಗಿಯುವಷ್ಟರಲ್ಲಿ ಬಾಥೆಲ್ ಬಂದಿತ್ತು. ಕಾರು ನಿಲ್ಲಿಸಿ, "ಟೀಚರ್, ಒಂದ್ನಿಮಿಷ" ಎಂದೆ. "ಲೇಟಾಯ್ತು ಮಾರಾಯ್ತಿ, ಒಳಗೆ ಹೇಳಿ" ಎಂದು ಅವರು ಇಳಿದು ಹೋದರು.

ಒಳಗೆ ಮ್ಯಾನೇಜರ್ ಹುಡುಗಿ ಕೇಕು ಹಿಡಿದುಕೊಂಡು ಬಾಗಿಲಲ್ಲೇ ಕಾದಿದ್ದಳು. ಟೀಚರನ್ನು ತಬ್ಬಿಕೊಂಡು, "ಹ್ಯಾಪಿ ರಿಟೈರ್ಮೆಂಟ್!" ಎಂದಳು. ನಿಮ್ಮ ಜನ ನಿಮಗೆ ಎಷ್ಟು ಚಂದದ ಬೀಳ್ಕೊಡುಗೆ ಮಾಡಿದರಂತೆ, ನನ್ನನ್ನೂ ಕರೆಯಬಾರದಿತ್ತೇ ಎಂದಳು. ನಿಮ್ಮ ದನಿ ಇನ್ನು ಮುಂದೆ ಇಲ್ಲ ಎಂದರೆ ಬೇಜಾರು ಎಂದಳು. ಅವಳಿಗೆ ಕನ್ನಡ ಒಂದಕ್ಷರವೂ ಬಾರದು, ಆದರೂ ಅವಳು ಪ್ರತಿ ಶನಿವಾರ ಗಾಜಿನ ಆಚೆ ಕೂತು ಟೀಚರ ಮಾತು ಕೇಳುತ್ತಿದ್ದಳು.

ಟೀಚರ್ ನನ್ನ ಕಡೆ ಒಮ್ಮೆ ತಿರುಗಿದರು. ಒಮ್ಮೆ ಮಾತ್ರ. ಮೂವತ್ತು ವರ್ಷ ಮಕ್ಕಳ ಲೆಕ್ಕ ತಿದ್ದಿದ ಹೆಂಗಸಿಗೆ ಎಲ್ಲಿ ತಪ್ಪಿದೆ ಎಂದು ತಿಳಿಯಲು ಎರಡನೆಯ ಸಲ ನೋಡಬೇಕಾಗಿರಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಳ್ಳುತ್ತ ನಿಂತಿದ್ದೆ. ಅವರು ಹುಡುಗಿಯ ಕೆನ್ನೆ ಸವರಿ, "ಥ್ಯಾಂಕ್ಯೂ ಮೈ ಚೈಲ್ಡ್" ಎಂದರು. ಕೇಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಒಳಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡರು. ನಾನು ಎದುರು ಕೂತೆ. ಕೆಂಪು ದೀಪ ಹೊತ್ತಿತು.

"ಎಲ್ಲರಿಗೂ ನಮಸ್ಕಾರ" ಎಂದರು. ಅವತ್ತು ಬಿಸಿಲಿನ ಮಾತು ಹೇಳಲಿಲ್ಲ. "ಇವತ್ತು ಒಂದು ವಿಷಯ ಹೇಳ್ಲಿಕ್ಕುಂಟು. ಇದು ನನ್ನ ಕಡೇ ಶನಿವಾರ. ಮೊನ್ನೆ ಸನ್ಮಾನದಲ್ಲಿ ಖುಷಿಯಲ್ಲಿ ಏನೇನೋ ಹೇಳಿದೆ, ಅದನ್ನು ಮನಸ್ಸಿಗೆ ಹಾಕ್ಕೊಳ್ಬೇಡಿ. ಮನೆಗೆ ಹೋಗಿ ಯೋಚನೆ ಮಾಡಿದೆ. ಗಂಟಲು ಸರಿ ಇಲ್ಲ. ಸಾಕು ಅಂತ ನಾನೇ ಹೇಳಿದ್ದು. ಬಳಗದವರು ಬೇಡ ಟೀಚರ್, ಬಿಡ್ಬೇಡಿ ಟೀಚರ್ ಅಂತ ತುಂಬ ಒತ್ತಾಯ ಮಾಡಿದ್ರು." ಅಷ್ಟು ಹೇಳಿ ಅವರು ನನ್ನ ಮೈಕಿನ ಗುಂಡಿ ಒತ್ತಿದರು. "ಅಲ್ವಾ?"

ರೇಡಿಯೋದಲ್ಲಿ ಮೌನ ಎಂಬುದು ದೊಡ್ಡ ಅಪರಾಧ. ಗಾಜಿನ ಆಚೆ ಹುಡುಗಿ ಮಾತಾಡು ಎಂದು ಕೈಸನ್ನೆ ಮಾಡುತ್ತಿದ್ದಳು. ಬಾಥೆಲ್‌ನಲ್ಲಿ, ಕ್ರಾಸ್‌ರೋಡ್ಸ್‌ನಲ್ಲಿ, ಸಮಾಮಿಶ್‌ನ ಅಡುಗೆಮನೆಗಳಲ್ಲಿ ದೋಸೆ ಹುಯ್ಯುತ್ತ ಕೇಳುತ್ತಿದ್ದವರಲ್ಲಿ ಅಧ್ಯಕ್ಷರೂ ಇದ್ದರು, ಕಾರ್ಯದರ್ಶಿಯೂ ಇದ್ದಳು, ನನ್ನ ಮಗಳೂ ಇದ್ದಳು.

"ಹೌದು ಟೀಚರ್" ಎಂದೆ. ಉಸಿರು ಬೆರೆಸುವ ಅಗತ್ಯ ಬೀಳಲಿಲ್ಲ, ಧ್ವನಿಯೇ ಇರಲಿಲ್ಲ.

"ಒಳ್ಳೆ ಹುಡುಗಿ. ಆದ್ರೆ ಮಾತು ಕಮ್ಮಿ. ಮುಂದಿನ ವಾರದಿಂದ ಹಾಡು ಬೇಕಾದವರು ಇವರ ಹತ್ರ ಕೇಳಿ. ಕೇಳದಿದ್ರೆ ಯಾರೂ ಇಲ್ಲ ಅಂತ ಎಣಿಸ್ತಾರೆ" ಎಂದು ಹೇಳಿ ಕೋರಿಕೆಗಳನ್ನು ಓದತೊಡಗಿದರು. ಸನ್ಮಾನದ ಊಟದಲ್ಲಿ ಬಂದ ಹೆಸರುಗಳು ಒಂದೊಂದಾಗಿ ಬಂದವು. ಓದಿ ಮುಗಿಯುವಷ್ಟರಲ್ಲಿ ಗಂಟೆಯೂ ಮುಗಿಯುತ್ತ ಬಂದಿತ್ತು. ನನ್ನ ಅರ್ಧವನ್ನೂ ಅವರೇ ತೆಗೆದುಕೊಂಡರು. ನಾನು ಹಾಡು ಹಚ್ಚುವ ಗುಂಡಿ ಒತ್ತುತ್ತ ಕೂತೆ. ಹಳೆಯದು, ಹೊಸದು, ಭಕ್ತಿಗೀತೆ, ಡ್ರಮ್ಮು ಎಲ್ಲ ಒಂದರ ಹಿಂದೆ ಒಂದು ಬಂದವು. ಎಲ್ಲೂ ಕೊಂಡಿ ತಪ್ಪಿದ ಹಾಗೆ ಕೇಳಿಸಲಿಲ್ಲ. ಆ ಹುಡುಗಿ ಬೇಡಿದ್ದ ಒಂದೇ ಚಹರೆಯ ಗಂಟೆ ಅದೇ ಆಗಿತ್ತು.

ವಾಪಸು ಹೋಗುವಾಗ ನಾನು ರೇಡಿಯೋ ಹಾಕಲಿಲ್ಲ. ಟೀಚರ್ ಮಡಿಲಲ್ಲಿ ಕೇಕಿನ ಡಬ್ಬಿ ಇಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಕ್ಷಮಿಸಿ ಎಂದೆ. ಅವರು ತಲೆಯಾಡಿಸಿದರು. ಅವರ ಮನೆಯ ಮುಂದೆ ಕಾರು ನಿಂತ ಮೇಲೆ ಸೀಟ್‌ಬೆಲ್ಟ್ ಬಿಚ್ಚುತ್ತ ಕೇಳಿದರು.

"ಮೊನ್ನೆ ನಾನು ನಿಲ್ಲಿಸುದಿಲ್ಲ, ಬರ್ತೇನೆ ಅಂತ ಹೇಳಿದೆನಲ್ಲ. ಆಗ ಕೂತವರಿಗೆಲ್ಲ ಗೊತ್ತಿತ್ತಾ?"

"ಇಲ್ಲ ಟೀಚರ್. ಎಲ್ಲರಿಗೂ ಇಲ್ಲ."

"ನನ್ನ ಮಗನಿಗೆ?"

"ಇಲ್ಲ. ಖಂಡಿತ ಇಲ್ಲ."

"ಮುಂದಿನ ಸಾಲಿನವರಿಗೆ?"

ನಾನು ಸ್ಟೀರಿಂಗ್ ನೋಡುತ್ತ, "ಗೊತ್ತಿತ್ತು" ಎಂದೆ.

"ಚಪ್ಪಾಳೆ ಅಲ್ಲಿಂದಲೇ ಜೋರು ಬಂದದ್ದು" ಎಂದರು.

"ನಾನೂ ತಟ್ಟಿದೆ ಟೀಚರ್."

"ಗೊತ್ತುಂಟು. ನೀವು ನನ್ನ ಪಕ್ಕದಲ್ಲೇ ಇದ್ರಲ್ಲ" ಎಂದು ಹೇಳಿ, ಬಾಗಿಲು ತೆಗೆದು, ಕೇಕಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಇಳಿದು ಹೋದರು.